ಕಾರಿನ ಬಾಗಿಲಿನ ರೆಕ್ಸಿನ್ ಎದ್ದು ಬಂದರೆ ಏನು ಮಾಡೋದು?



ಇವತ್ತಿನ ವಿಷಯ ಸಣ್ಣದು. ನಮ್ಮಲ್ಲಿ ತುಂಬಾ ಜನರ ಹತ್ತಿರ ಇರೋದು ಸೆಕೆಂಡ್ ಹ್ಯಾಂಡ್ ಗಾಡಿ. ಇಂಜಿನ್ ಚೆನ್ನಾಗಿರುತ್ತೆ, ಎ.ಸಿ. ಚೆನ್ನಾಗಿರುತ್ತೆ. ಆದರೆ ಬಾಗಿಲಿನ ಒಳಗಡೆಯ ರೆಕ್ಸಿನ್ ಗಾಜಿನ ಅಂಚಿನಿಂದ ಬಿಟ್ಟುಕೊಂಡು ಜೋತು ಬಿದ್ದಿರುತ್ತೆ. ಊರಿಗೆ ಹೊರಡುವಾಗ ಗಾಡಿ ಮಾರಲು ನಿಂತರೆ, ಕೊಳ್ಳುವವರು ಬಾಗಿಲು ತೆಗೆದ ಕೂಡಲೇ ನೋಡೋದು ಅದನ್ನೇ. ಬೆಲೆ ಇಳಿಸೋದಕ್ಕೆ ಅಷ್ಟು ಸಾಕು. ಇದನ್ನು ನಾವೇ ಸರಿಮಾಡಬಹುದು. ಎರಡು ಮಾತು ಮಾತ್ರ ಮರೆಯಬೇಡಿ: ಹಳೆಯ ಫೋಮಿನ ಪುಡಿ ತೆಗೆಯದೆ ಗಮ್ ಹಚ್ಚಬೇಡಿ. ರೂಮಿನ ಒಳಗೆ ಕೂತು ಗಮ್ ಹಚ್ಚಬೇಡಿ.

ಮೊದಲು, ಇದು ಯಾಕೆ ಏಳುತ್ತೆ? ರೆಕ್ಸಿನ್ ಅಂದರೆ ಪಿ.ವಿ.ಸಿ. ಅದು ಮೆತ್ತಗಿರಲಿ ಅಂತ ಒಂದು ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಬಿಸಿಲಿಗೆ ಅದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುತ್ತೆ. ಆಗ ರೆಕ್ಸಿನ್ ಬಿರುಸಾಗಿ ಕುಗ್ಗುತ್ತೆ, ಅಂಚಿನಿಂದ ಎಳೆದುಕೊಳ್ಳುತ್ತೆ. ಅದೇ ಹೊತ್ತಿಗೆ ಒಳಗಿನ ಗಮ್ ಕಾವಿಗೆ ಸಡಿಲವಾಗಿರುತ್ತೆ. ನಾವಿರುವ ಜಾಗ ಎಂಥದ್ದು ಗೊತ್ತಲ್ಲ? ಇದೇ ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ದಾಖಲಾದ 53.9 ಡಿಗ್ರಿಯನ್ನು ವಿಶ್ವ ಹವಾಮಾನ ಸಂಸ್ಥೆಯೇ ಒಪ್ಪಿಕೊಂಡಿದೆ. ಅದು ನೆರಳಿನ ಲೆಕ್ಕ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗೆ ಕಾವು ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಮಧ್ಯಾಹ್ನದ ಬಿಸಿಲಲ್ಲಿ ಬಯಲಿನ ಕೆಲಸ ಮಾಡಿಸಬಾರದು ಅಂತ ಇಲ್ಲಿ ಕಾನೂನಿದೆ. ಗಾಡಿಗೆ ಆ ರಜೆ ಇಲ್ಲ.

ರೆಕ್ಸಿನ್‌ನ ಬೆನ್ನಿಗೆ ತೆಳುವಾದ ಫೋಮ್ ಇರುತ್ತೆ. ವರ್ಷಗಳು ಕಳೆದಂತೆ ಕಾವಿಗೂ ತೇವಕ್ಕೂ ಅದು ಪುಡಿಪುಡಿಯಾಗುತ್ತೆ. ಅದರ ಮೇಲೇ ಗಮ್ ಹಚ್ಚಿದರೆ ಗಮ್ ಹಿಡಿಯೋದು ಪುಡಿಯನ್ನು, ರೆಕ್ಸಿನ್‌ನ್ನಲ್ಲ. "ಎರಡು ಸಲ ಅಂಟಿಸಿದೆ, ನಿಲ್ಲಲಿಲ್ಲ" ಅನ್ನುವವರ ತೊಂದರೆ ಹೆಚ್ಚಾಗಿ ಇದೇ.

ಇನ್ನು ಕೆಲಸಕ್ಕೆ ಬರೋಣ. ಸಮಯ: ನವೆಂಬರ್‌ನಿಂದ ಮಾರ್ಚ್‌ವರೆಗೆ, ಧೂಳು ಗಾಳಿ ಇಲ್ಲದ ಬೆಳಿಗ್ಗೆ. ಶುಕ್ರವಾರ ಅಂಟಿಸಿದರೆ ಶನಿವಾರ ಜೋಡಿಸಬಹುದು.

ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಸ್ವಲ್ಪ ಹೊತ್ತು ಬಿಡಿ. ಕೆಲವು ಗಾಡಿಗಳಲ್ಲಿ ಏರ್‌ಬ್ಯಾಗ್‌ನ ಸೆನ್ಸರ್ ಬಾಗಿಲಿನ ಒಳಗೇ ಇರುತ್ತೆ. ಪ್ಯಾನೆಲ್‌ನ ಸ್ಕ್ರೂಗಳು ಹಿಡಿಕೆಯ ಹಿಂದೆ, ಕೈ ಇಡುವ ಜಾಗದ ಸಣ್ಣ ಮುಚ್ಚಳದ ಕೆಳಗೆ ಅಡಗಿರುತ್ತವೆ. ಸ್ಕ್ರೂ ತೆಗೆದ ಮೇಲೆ ಕ್ಲಿಪ್‌ಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಒಂದೊಂದಾಗಿ ಎಬ್ಬಿಸಿ. ವೈರ್ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಮುರಿದ ಕ್ಲಿಪ್‌ಗೆ ಚಿಂತೆ ಬೇಡ, ಶುವೈಖ್‌ನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ.

ಬಿಟ್ಟಿರುವ ಕಡೆ ಹಳೆಯ ಗಮ್, ಫೋಮಿನ ಪುಡಿ ಎರಡನ್ನೂ ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ಬೆರಳಿಗೆ ಪುಡಿ ಹತ್ತದ ತನಕ ಬಿಡಬೇಡಿ. ಆಮೇಲೆ ಬಟ್ಟೆಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಪೆಟ್ರೋಲ್, ಥಿನ್ನರ್ ಮುಟ್ಟಬೇಡಿ, ರೆಕ್ಸಿನ್ ಹಾಳಾಗುತ್ತೆ.

ಮರಕ್ಕೆ ಹಾಕುವ ಬಿಳಿ ಗಮ್ ಇಲ್ಲಿ ನಡೆಯೋಲ್ಲ. ಸೂಪರ್ ಗ್ಲೂ ಹಾಕಿದರೆ ಆ ಜಾಗ ಗಟ್ಟಿಯಾಗಿ ಬಿಳಿಚಿಕೊಳ್ಳುತ್ತೆ. ಬೇಕಾದದ್ದು ಕಾರಿನ ಒಳಗಿನ ಕೆಲಸಕ್ಕೆ ಅಂತಲೇ ಸಿಗುವ, ಕಾವು ತಡೆಯುವ ಕಾಂಟ್ಯಾಕ್ಟ್ ಗಮ್. ಡಬ್ಬದ ಮೇಲೆ ಎಷ್ಟು ಡಿಗ್ರಿ ತಡೆಯುತ್ತೆ ಅಂತ ಬರೆದಿರುತ್ತೆ, ಓದಿ ತಗೊಳ್ಳಿ. ರೆಕ್ಸಿನ್‌ಗೂ ಪ್ಯಾನೆಲ್‌ಗೂ ಎರಡೂ ಕಡೆ ತೆಳ್ಳಗೆ ಹಚ್ಚಿ. ಕೂಡಲೇ ಸೇರಿಸಬೇಡಿ. ಡಬ್ಬದಲ್ಲಿ ಹೇಳಿದಷ್ಟು ಹೊತ್ತು, ಮುಟ್ಟಿದರೆ ಬೆರಳಿಗೆ ಗಮ್ ಬಾರದಷ್ಟು ಒಣಗಲಿ. ಒಮ್ಮೆ ತಾಗಿತು ಅಂದರೆ ಸರಿಸೋಕೆ ಆಗೋಲ್ಲ. ಅದಕ್ಕೆ ನಡುವೆ ಬಟರ್ ಪೇಪರ್ ಇಟ್ಟು, ಅದನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಒತ್ತಿಕೊಂಡು ಹೋಗಿ. ಕುಗ್ಗಿದ ರೆಕ್ಸಿನ್ ಅಂಚು ಮುಟ್ಟದಿದ್ದರೆ ಗಮ್ ಹಚ್ಚುವ ಮೊದಲೇ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿಮಾಡಿ ಎಳೆದು ನೋಡಿ. ಎಳೆದರೂ ಸಾಲದಿದ್ದರೆ, ಅಥವಾ ಸೀಳಿದ್ದರೆ, ಗಮ್‌ನಿಂದ ಪ್ರಯೋಜನವಿಲ್ಲ. ಹೊಸ ರೆಕ್ಸಿನ್ ಹಾಕಿಸಬೇಕು. ಅಂಟಿಸಿದ ಮೇಲೆ ಬಟ್ಟೆ ಮಡಚಿಟ್ಟು ಕ್ಲಾಂಪ್ ಹಾಕಿ, 24 ಗಂಟೆ ಬಿಡಿ. ಪ್ಯಾನೆಲ್ ಜೋಡಿಸಿ ಎಲ್ಲಾ ವೈರ್ ಸಿಕ್ಕಿಸಿದ ಮೇಲೆಯೇ ಬ್ಯಾಟರಿ ಸೇರಿಸಿ.

ಈಗ ಮುಖ್ಯವಾದ ಮಾತು. ವಿಡಿಯೋ ಮಾಡುವವರಿಗೆ ಮನೆ ಅಂದರೆ ಗ್ಯಾರೇಜು, ಅಂಗಳ. ನಮಗೆ ಮನೆ ಅಂದರೆ ನಾಲ್ಕೈದು ಜನ ಮಲಗುವ ಒಂದು ರೂಮು, ಪಕ್ಕದಲ್ಲೇ ಅಡುಗೆ ಒಲೆ. ಈ ಗಮ್‌ನ ಹಬೆ ತಲೆ ತಿರುಗಿಸುತ್ತೆ. ಅದಕ್ಕಿಂತ ಮುಖ್ಯವಾಗಿ, ಅದು ಸುಲಭವಾಗಿ ಬೆಂಕಿ ಹಿಡಿಯುತ್ತೆ. ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು, ದೂರದ ಒಲೆಯನ್ನೋ ಸ್ವಿಚ್ಚಿನ ಕಿಡಿಯನ್ನೋ ಮುಟ್ಟಬಹುದು. ಬೇಸ್‌ಮೆಂಟ್ ಪಾರ್ಕಿಂಗ್ ಕೂಡ ಬೇಡ, ಹಬೆ ಅಲ್ಲೇ ನಿಲ್ಲುತ್ತೆ. 2024ರ ಜೂನ್ 12ರ ಬೆಳಿಗ್ಗೆ ಮಂಗಾಫ್‌ನ ಕಟ್ಟಡದಲ್ಲಿ 40ಕ್ಕೂ ಹೆಚ್ಚು ಭಾರತೀಯ ಕೆಲಸಗಾರರು ಬೆಂಕಿಗೆ, ಹೊಗೆಗೆ ಬಲಿಯಾದರು. ಆ ಬೆಂಕಿಯ ಕಾರಣ ಬೇರೆ. ಆದರೆ ಜನ ತುಂಬಿದ ಕಟ್ಟಡದಲ್ಲಿ ಹೊಗೆ ಏನು ಮಾಡುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಹಾರಿಸ್‌ನ ಹತ್ತಿರ ಒಂದು ಮಾತು ಕೇಳಿ, ಕಟ್ಟಡದ ಹೊರಗೆ ನೆರಳಿನಲ್ಲಿ ಕೆಲಸ ಮಾಡಿ. ಬೀಡಿ, ಸಿಗರೇಟು ಹತ್ತಿರ ಬೇಡ. ಹೇರ್ ಡ್ರೈಯರ್‌ನ್ನು ಹಸಿ ಗಮ್‌ನ ಹತ್ತಿರ ತರಬೇಡಿ. ಉಳಿದ ಡಬ್ಬವನ್ನು ಗಾಡಿಯ ಡಿಕ್ಕಿಯಲ್ಲೋ ಮಂಚದ ಕೆಳಗೋ ಇಡಬೇಡಿ. ಸಣ್ಣ ಡಬ್ಬ ತನ್ನಿ, ನಾಲ್ಕು ಜನ ಸೇರಿ ಒಂದೇ ದಿನ ಮುಗಿಸಿ. ಏನಾದರೂ ಹೆಚ್ಚುಕಮ್ಮಿಯಾದರೆ 112.

ಮನೆ ಡ್ರೈವರ್ ಆಗಿರುವ ತಮ್ಮಂದಿರಿಗೆ ಇನ್ನೊಂದು ಮಾತು: ಗಾಡಿ ಕಫೀಲರದ್ದು. ಒಳ್ಳೇ ಮನಸ್ಸಿನಿಂದ ಮಾಡಿದರೂ ಕೇಳದೆ ಪ್ಯಾನೆಲ್ ಬಿಚ್ಚಬೇಡಿ. ಮೊದಲು ತೋರಿಸಿ, ಒಪ್ಪಿದರೆ ಮಾತ್ರ ಕೈಹಾಕಿ.

ಸರಿಮಾಡಿದ ಮೇಲೆ ಗಾಜಿಗೆ ಸನ್‌ಶೇಡ್ ಹಾಕಿ, ಆದಷ್ಟು ನೆರಳಲ್ಲಿ ನಿಲ್ಲಿಸಿ. ಕ್ಲಾಂಪ್, ಪ್ಲಾಸ್ಟಿಕ್ ಪಟ್ಟಿ ನನ್ನ ಹತ್ತಿರ ಇವೆ. ಬೇಕಾದವರು ಕೇಳಿ ತಗೊಂಡು ಹೋಗಿ, ಕೆಲಸ ಮುಗಿದ ಮೇಲೆ ಮುಂದಿನವರಿಗೆ ಕೊಡಿ.