ಉಪದೇಶ ಪೀಠದಿಂದ ಗಿರಣಿಯ ಬಾಗಿಲಿಗೆ

(ಕಾರ್ಮಿಕರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಿನ್ನೆ ರಾತ್ರಿ ಊಟದ ಪಂಕ್ತಿಯಲ್ಲಿ ತರುಣರೊಬ್ಬರು ನನ್ನನ್ನು ಕೇಳಿದರು: “ಮನಸ್ಸಿಗೆ ಒಪ್ಪದ ನೌಕರಿಯನ್ನು ಬಿಟ್ಟು ಚಳವಳಿಗೆ ಬಂದುಬಿಡಲೇ?” ಬನ್ನಿ ಎಂದುಬಿಡುವುದು ನಮ್ಮಂಥ ಭಾಷಣಕಾರರಿಗೆ ಸುಲಭ. ಆದರೆ ಮನೆಯಲ್ಲಿ ಒಲೆ ಉರಿಯಬೇಕಾದದ್ದು ಅವರದು. ಆದ್ದರಿಂದ ಅಮೆರಿಕದ ಪಾದ್ರಿಯೊಬ್ಬರ ಬಾಳನ್ನು ಹೇಳಿ, ಅದರಿಂದ ಉತ್ತರ ದೊರೆಯುವುದೋ ನೋಡೋಣ.

ಅವರ ಹೆಸರು ಎ. ಜೆ. ಮಸ್ಟಿ. 1885ರಲ್ಲಿ ಹಾಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಯರೊಡನೆ ಅಮೆರಿಕಕ್ಕೆ ಬಂದವರು. ತಂದೆ ಮರದ ಪೀಠೋಪಕರಣಗಳ ಕಾರ್ಖಾನೆಯಲ್ಲಿ ಕೂಲಿಕಾರರಾಗಿದ್ದರು. ಮಗ ಓದಿ 1909ರಲ್ಲಿ ಪಾದ್ರಿಯ ದೀಕ್ಷೆ ಪಡೆದರು. 1915ರಲ್ಲಿ ಬಾಸ್ಟನ್ ಬಳಿಯ ನ್ಯೂಟನ್‌ವಿಲ್ ಎಂಬ ಅನುಕೂಲಸ್ಥರ ಊರಿನಲ್ಲಿ ಸಭಾಪಾಲಕರಾದರು. ಸಂಬಳ, ಮನೆ, ಮರ್ಯಾದೆ ಯಾವುದಕ್ಕೂ ಕೊರತೆಯಿರಲಿಲ್ಲ.

1917ರ ಏಪ್ರಿಲಿನಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಕೊಲ್ಲಬೇಡ ಎಂಬ ಮಾತು ಶಾಂತಿಕಾಲಕ್ಕೆ ಮಾತ್ರವೇ ಇದೆಯೆಂದು ಮಸ್ಟಿಯವರು ಒಪ್ಪಲಿಲ್ಲ. ಯಾರ ಮಕ್ಕಳು ಸಮವಸ್ತ್ರ ತೊಟ್ಟು ಹೊರಟಿದ್ದರೋ ಆ ತಂದೆತಾಯಿಯರ ಎದುರಿಗೇ ನಿಂತು ಯುದ್ಧ ತಪ್ಪೆಂದು ಹೇಳಬೇಕಾಗಿತ್ತು. ಆ ಜನರೇನು ದುಷ್ಟರಲ್ಲ. ಅವರ ಸಂಕಟವೂ ನಿಜವಾದದ್ದೇ. ಆದರೆ ಅವರಿಗೆ ಬೇಕಾದ ಸಮಾಧಾನವನ್ನು ಇವರು ಕೊಡಲಾರರು. ಇವರು ನಂಬಿದ ಮಾತನ್ನು ಅವರು ಕೇಳಲಾರರು. ಆ ವರ್ಷದ ಕೊನೆಯಲ್ಲಿ ಮಸ್ಟಿಯವರು ಪೀಠವನ್ನು ಬಿಟ್ಟರು. ಸಂಸಾರ ಹೊತ್ತವರು, ಮನೆ, ಸಂಬಳ ಎರಡೂ ಹೋದವು. ಚರ್ಚನ್ನು ಬಿಟ್ಟರೇ ಹೊರತು ನಂಬಿಕೆಯನ್ನು ಬಿಡಲಿಲ್ಲ. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರ ಆಶ್ರಯದಲ್ಲಿ ಸ್ವಲ್ಪ ಕಾಲ ಕಳೆದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅವರ ತ್ಯಾಗವನ್ನು ಹೊಗಳಿ ನಾವು ಮನೆಗೆ ಹೋಗಬಹುದಾಗಿತ್ತು. ಆದರೆ ಅವರ ನಿಜವಾದ ಪರೀಕ್ಷೆ ನಡೆದದ್ದು ಮುಂದೆ, 1919ರಲ್ಲಿ, ಲಾರೆನ್ಸ್ ಎಂಬ ಬಟ್ಟೆ ಗಿರಣಿಗಳ ಊರಿನಲ್ಲಿ.

ಅಲ್ಲಿಯ ಮಾಲೀಕರು ವಾರದ ದುಡಿಮೆಯನ್ನು 54 ಗಂಟೆಯಿಂದ 48 ಗಂಟೆಗೆ ಇಳಿಸಿದರು. ಅದಕ್ಕೆ ತಕ್ಕಂತೆ ಕೂಲಿಯನ್ನೂ ಇಳಿಸಿದರು. ಮೊದಲೇ ಸಾಲದ ಕೂಲಿ. 48 ಗಂಟೆ ದುಡಿಮೆ, 54 ಗಂಟೆಯ ಕೂಲಿ—ಇದು ಕಾರ್ಮಿಕರ ಬೇಡಿಕೆಯಾಯಿತು. ಇಟಲಿ, ಪೋಲೆಂಡ್, ಲಿಥುವೇನಿಯ, ಸಿರಿಯಾ ಮುಂತಾದ ದೇಶಗಳಿಂದ ವಲಸೆ ಬಂದು ಇಪ್ಪತ್ತು ಭಾಷೆಗಳನ್ನಾಡುವ ಸಾವಿರಾರು ಜನ ಗಿರಣಿಯಿಂದ ಹೊರಬಂದರು. ಏನು ನಡೆದಿದೆಯೆಂದು ನೋಡಲು ಹೋದ ಮಸ್ಟಿಯವರನ್ನೇ ಕಾರ್ಮಿಕರು ತಮ್ಮ ಮುಷ್ಕರ ಸಮಿತಿಯ ಮುಂದಾಳಾಗಿ ಮಾಡಿಕೊಂಡರು. ಅವರಿಗೆ ಗಿರಣಿಯ ಕೆಲಸ ಗೊತ್ತಿರಲಿಲ್ಲ, ಸಂಘ ಕಟ್ಟಿದ ಅನುಭವವೂ ಇರಲಿಲ್ಲ. ಗಂಜಿ ಕೇಂದ್ರಕ್ಕೆ, ಜಾಮೀನಿಗೆ ಹಣ ಕೂಡಿಸುವುದರಿಂದ ಹಿಡಿದು ಎಲ್ಲವನ್ನೂ ಅಲ್ಲಿಯೇ ಕಲಿಯಬೇಕಾಯಿತು.

ಗಿರಣಿಯ ಎದುರು ಸಾಲಿನ ಮುಂದೆ ನಡೆಯುತ್ತಿದ್ದ ಅವರನ್ನು ಪೋಲೀಸರು ಪಕ್ಕದ ಬೀದಿಗೆ ತಳ್ಳಿಕೊಂಡು ಹೋಗಿ, ನಿಲ್ಲಲಾರದಷ್ಟು ಲಾಠಿಯಿಂದ ಹೊಡೆದು ಬಂಧಿಸಿದರು. ಮುಂದೆ ಬೀದಿಯ ತುದಿಗಳಲ್ಲಿ ಮಷಿನ್‌ಗನ್ನುಗಳನ್ನು ತಂದಿಟ್ಟರು. ಅವನ್ನು ಕಿತ್ತುಕೊಳ್ಳೋಣವೆಂದು ಕೆಲವರು ಕುದಿದರು. ಮಸ್ಟಿಯವರು ತಡೆದರು. ಕೈಯೆತ್ತಿದರೆ ಗುಂಡು ಹಾರಿಸಲು ಅವರಿಗೆ ನೆಪ ದೊರೆಯುತ್ತದೆ. ಮಷಿನ್‌ಗನ್ನು ಬಟ್ಟೆ ನೇಯಲಾರದು, ನೇಯುವ ಕೈ ನಮ್ಮದು ಎಂಬುದು ಅವರ ತರ್ಕ. ಕಾರ್ಮಿಕರು ಬಂದೂಕುಗಳ ಮುಂದೆ ನಗುತ್ತ ನಡೆದುಹೋದರು. ಹದಿನಾರು ವಾರ ಹಸಿವನ್ನು ತಡೆದರು. ಕೈಯಲ್ಲಿದ್ದ ಹಣ ತೀರುತ್ತ ಬಂದು, ಸೋತೆವೆಂದೇ ಭಾವಿಸಿದ್ದ ಹೊತ್ತಿಗೆ ಮಾಲೀಕರು ರಾಜಿಗೆ ಕರೆದರು. ವಾರಕ್ಕೆ 48 ಗಂಟೆ ನಿಂತಿತು, ಕೂಲಿ ಏರಿತು.

ನ್ಯೂಟನ್‌ವಿಲ್ಲಿನಲ್ಲಿ ಅಹಿಂಸೆ ಅವರ ಮಾತಾಗಿತ್ತು. ಲಾರೆನ್ಸಿನಲ್ಲಿ ಅದು ಹಸಿದ ಜನರ ಕೆಲಸವಾಯಿತು. ಕಲಿಸಿದವರು ಯಾರು, ಕಲಿತವರು ಯಾರು ಎಂಬುದನ್ನು ಯೋಚಿಸಿ.

ಅನಂತರ 1921ರಿಂದ 1933ರ ವರೆಗೆ ಬ್ರುಕ್‌ವುಡ್ ಎಂಬಲ್ಲಿ ಗಣಿ ಗಿರಣಿಗಳ ಕಾರ್ಮಿಕರಿಗಾಗಿ ಕಾಲೇಜು ನಡೆಸಿದರು. ನಡುವೆ ಧರ್ಮದಲ್ಲಿಯೂ ಅಹಿಂಸೆಯಲ್ಲಿಯೂ ನಂಬಿಕೆ ಕಳೆದು ಕ್ರಾಂತಿಕಾರಿ ಪಕ್ಷಕ್ಕೆ ಹೋದರು. 1936ರಲ್ಲಿ ಮತ್ತೆ ಶಾಂತಿವಾದಕ್ಕೆ ಮರಳಿದರು. ಕೆಲವು ವರ್ಷ ನ್ಯೂಯಾರ್ಕಿನ ಬಡವರ ಕೇರಿಯ ಚರ್ಚೊಂದರಲ್ಲಿ ಸೇವೆಯನ್ನೂ ಮಾಡಿದರು. 1967ರ ಫೆಬ್ರವರಿಯಲ್ಲಿ, 82ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅದಕ್ಕೆ ಕೆಲವೇ ವಾರಗಳ ಮೊದಲು ವಿಯೆಟ್ನಾಂ ಯುದ್ಧವನ್ನು ನಿಲ್ಲಿಸಬೇಕೆಂದು ಹಾನಾಯ್‌ಗೆ ಹೋಗಿ ಬಂದಿದ್ದರು. ಅವರದು ನೇರ ದಾರಿಯಲ್ಲ, ಎಡವಿದ್ದುಂಟು, ತಿದ್ದಿಕೊಂಡದ್ದುಂಟು.

ಪ್ರಶ್ನೆ ಕೇಳಿದ ತರುಣರಿಗೆ ನನ್ನ ಉತ್ತರ ಇಷ್ಟೆ. ರಾಜೀನಾಮೆ ಬರೆಯಲು ಒಂದು ಹಾಳೆ ಸಾಕು. ಅದನ್ನು ಬರೆಯುವ ಮುನ್ನ, ಯಾರ ಬಾಗಿಲಿಗೆ ಹೋಗುತ್ತೀರಿ, ಅವರಿಂದ ಕಲಿಯಲು ಸಿದ್ಧರಿದ್ದೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಂದು ಸಂಜೆ ಕೆಲಸ ಮುಗಿದ ಮೇಲೆ ಆ ಬಾಗಿಲಿಗೆ ಹೋಗಿ ಬರುವುದಕ್ಕೆ ರಾಜೀನಾಮೆಯ ಅಗತ್ಯವಿಲ್ಲ. ಅಲ್ಲಿಂದ ಆರಂಭಿಸಿ. ಬಿಡಲೇಬೇಕಾದ ದಿನ ಬಂದರೆ ಅದು ನಿಮಗೆ ತಾನಾಗಿಯೇ ತಿಳಿಯುತ್ತದೆ.