ಏಕದೇವನಿಷ್ಠೆಯೂ ಅನ್ಯಮತದವರೂ



ಬಹುದೇವೋಪಾಸಕರು ಪರಮತವನ್ನು ಸಹಿಸುವರು, ಏಕದೇವೋಪಾಸಕರು ಸಹಿಸರು ಎಂದು ಕೆಲವು ವಿದ್ವಾಂಸರು ಹೇಳುವುದುಂಟು. ಇಷ್ಟಲಿಂಗವೊಂದನ್ನೇ ನಂಬಿದ ನಾವು ಈ ಆಕ್ಷೇಪವನ್ನು ವಿಚಾರಿಸದೆ ಬಿಡಲಾಗದು.

ಪ್ರಾಚೀನ ರೋಮನರು ಬಹುದೇವೋಪಾಸಕರು. ಕ್ರಿ. ಪೂ. 396ರಲ್ಲಿ ವೇಯಿ ಎಂಬ ಶತ್ರುನಗರವನ್ನು ಗೆದ್ದಾಗ, ಅಲ್ಲಿಯ ಜೂನೋದೇವಿಯನ್ನು ಪ್ರಾರ್ಥಿಸಿ ತಮ್ಮ ನಗರಕ್ಕೆ ಬಿಜಯಂಗೈಸಿಕೊಂಡು ಹೋಗಿ ಗುಡಿಯನ್ನು ಕಟ್ಟಿಸಿದರೆಂದು ಅವರ ಇತಿಹಾಸಕಾರನಾದ ಲಿವಿಯು ಬರೆದಿರುವನು. ಶತ್ರುವಿನ ದೇವತೆಗೆ ಹೀಗೆ ಮನ್ನಣೆ ದೊರೆಯಿತು. ಆದರೆ ಆ ಊರಿನ ಜನರನ್ನು ದಾಸರನ್ನಾಗಿ ಮಾರಿದರೆಂದೂ ಅವನೇ ಹೇಳುವನು. ಮುಂದೆ ಕ್ರಿ. ಶ. 250ರ ಸುಮಾರಿಗೆ ಚಕ್ರವರ್ತಿ ಡೀಸಿಯಸನು ಪ್ರಜೆಗಳು ದೇವತೆಗಳಿಗೆ ಬಲಿಯನ್ನರ್ಪಿಸಬೇಕೆಂದು ಆಜ್ಞಾಪಿಸಿದನು. ಒಲ್ಲದ ಕ್ರೈಸ್ತರು ದಂಡನೆಗೆ ಗುರಿಯಾದರು. ಆ ಬಳಿಕ ಕ್ರೈಸ್ತನಾದ ಥಿಯೊಡೋಸಿಯಸನು 391–392ರಲ್ಲಿ ಹಳೆಯ ದೇವತೆಗಳ ಪೂಜೆಯನ್ನೇ ನಿಷೇಧಿಸಿದನು. ದೇವರು ಹಲವರಾದರೂ ಒಬ್ಬನಾದರೂ ರಾಜದಂಡದ ಪೆಟ್ಟು ತಪ್ಪಲಿಲ್ಲ.

ನಮ್ಮ ನಾಡಿನ ಚರಿತ್ರೆಯನ್ನೂ ನೋಡತಕ್ಕದ್ದು. ಏಕಾಂತದ ರಾಮಯ್ಯನವರು ಜೈನರೊಡನೆ ಪಣತೊಟ್ಟು ಶಿರಸ್ಸನ್ನರ್ಪಿಸಿ ಮರಳಿ ಪಡೆದುದನ್ನೂ, ಜೈನರು ಮಾತಿಗೆ ತಪ್ಪಲು ಜಿನಬಿಂಬವನ್ನೊಡೆದುದನ್ನೂ ಅಬ್ಬಲೂರಿನ ಶಾಸನವು ಹೇಳುವುದು. ಆ ಮಹಾನುಭಾವರ ನಿಷ್ಠೆಗೆ ತಲೆವಾಗುವ ನಾವು, ಒಡೆದ ಬಿಂಬವು ನೆರೆಯವರ ಆರಾಧ್ಯವಾಗಿದ್ದಿತೆಂಬುದನ್ನು ಮರೆಯಲಾಗದು.

ಶ್ರವಣಬೆಳಗೊಳದ 1368ರ ಶಾಸನವು ಬೇರೊಂದು ದಾರಿಯನ್ನು ತೋರಿಸುವುದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಲು, ಬುಕ್ಕರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಜೈನರು ಮನೆಗೆ ವರುಷಕ್ಕೊಂದು ಹಣವನ್ನು ಕೊಡತಕ್ಕದ್ದು. ಅದರಿಂದ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನಿರಿಸುವ ಹೊಣೆಯು ತಿರುಮಲೆಯ ತಾತಯ್ಯನೆಂಬ ವೈಷ್ಣವನದು. ಯಾರೂ ತಮ್ಮ ದೈವವನ್ನು ಬಿಡಬೇಕಾಗಲಿಲ್ಲ. ಬಲವುಳ್ಳವರು ನೆರೆಯವರ ಗುಡಿಯನ್ನು ಕಾಯುವ ಭಾರವನ್ನು ಹೊತ್ತರು.

ಆದುದರಿಂದ ಏಕನಿಷ್ಠೆಯೆಂಬುದು ಭಕ್ತನು ತನಗೆ ತಾನೇ ವಿಧಿಸಿಕೊಂಡ ವ್ರತವೆಂದು ತಿಳಿಯತಕ್ಕದ್ದು. ಪತಿವ್ರತೆಯು ತನ್ನ ಪತಿಯನ್ನೇ ನಂಬುವಳು. ಅದಕ್ಕಾಗಿ ನೆರೆಮನೆಯ ಸಂಸಾರವನ್ನು ಕೆಡಿಸಲು ಹೋಗುವಳೇ? ಈ ವ್ರತದ ಪರೀಕ್ಷೆಯು ನಾವು ಎಣಿಕೆಯಲ್ಲಿಯೂ ಬಲದಲ್ಲಿಯೂ ಹೆಚ್ಚಾಗಿರುವ ಊರಿನಲ್ಲಿಯೇ ನಡೆಯುವುದು. ಅಲ್ಲಿ ನಾಲ್ಕೇ ಮನೆಯ ಅನ್ಯಮತದವರು ತಮ್ಮ ಗುಡಿಯ ದೀಪವನ್ನು ನಿರ್ಭಯವಾಗಿ ಹಚ್ಚುವಂತಾದರೆ, ನಮ್ಮ ಕೊರಳಿನ ಲಿಂಗಕ್ಕೆ ನಾವು ತಕ್ಕವರಾದೆವು.