ಮುಂದಿನ ಗಾಲಿಯ ಸಪ್ಪಳ

(ಸಂತ ಕ್ರಿಸ್ಟೋಫರರ ಸ್ಮರಣೆಯಂದು ವಾಹನಗಳ ಆಶೀರ್ವಾದದ ಸಂದರ್ಭದಲ್ಲಿ ನೀಡಿದ ಪ್ರಬೋಧನೆ)



ಜುಲೈ 25 ಸಂತ ಕ್ರಿಸ್ಟೋಫರರನ್ನು ನೆನೆಯುವ ದಿನ. ಮಗುವೊಂದನ್ನು ಹೆಗಲ ಮೇಲೆ ಹೊತ್ತು ತುಂಬಿದ ಹೊಳೆಯನ್ನು ದಾಟಿಸಿದರೆಂಬ ಕಥೆ ನಮಗೆಲ್ಲ ಗೊತ್ತು. ಹಾಗಾಗಿಯೇ ಪ್ರಯಾಣಿಕರೂ ಚಾಲಕರೂ ಅವರನ್ನು ತಮ್ಮ ಪಾಲಕರೆಂದು ಕರೆಯುತ್ತಾರೆ. ಇಂದು ನಾವು ನಮ್ಮ ಬೈಕು, ಟ್ರ್ಯಾಕ್ಟರು, ಪಿಕಪ್‌ಗಳನ್ನು ತೊಳೆದು, ಹೂ ಹಾಕಿ ಇಲ್ಲಿ ನಿಲ್ಲಿಸಿದ್ದೇವೆ. ಆದರೆ ಹೊರುವವನ ಕಾಲು ಗಟ್ಟಿಯಿದ್ದರೆ ಮಾತ್ರ ಹೆಗಲ ಮೇಲಿನ ಮಗು ದಡ ಸೇರುತ್ತದೆ. ಗಾಡಿಯ ಕಾಲು ಯಾವುದು? ಅದರ ಮುಂದಿನ ಗಾಲಿ. ಅದರ ಬಗ್ಗೆಯೇ ಇಂದು ನಾಲ್ಕು ಮಾತು ಆಡೋಣ.

ಕಟಕೋಳದ ಸುತ್ತಮುತ್ತ ಪಿಕಪ್ ಇಲ್ಲದೆ ಕೆಲಸ ಸಾಗದು. ಗೊಬ್ಬರ ತರಲು ಅದೇ, ಉಳ್ಳಾಗಡ್ಡಿ ಪೇಟೆಗೆ ಒಯ್ಯಲು ಅದೇ. ಮದುವೆಗೂ ಅದೇ, ಜಾತ್ರೆಗೂ ಅದೇ. 2023ರ ಜನವರಿ ಮೊದಲ ವಾರದಲ್ಲಿ ನಮ್ಮ ರಾಮದುರ್ಗ ತಾಲ್ಲೂಕಿನ ಚುಂಚನೂರ ಬಳಿ ನಡೆದದ್ದನ್ನು ಯಾರೂ ಮರೆತಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಹುಲಕುಂದದ ಭಕ್ತರಿದ್ದ ಪಿಕಪ್ ರಾತ್ರಿ ಆಲದ ಮರಕ್ಕೆ ಗುದ್ದಿ ಆರು ಮಂದಿ ಪ್ರಾಣ ಕಳೆದುಕೊಂಡರು. ಆ ಅಪಘಾತದ ಕಾರಣವನ್ನು ವಿಚಾರಿಸಲು ನಾವು ಇಲ್ಲಿ ಹೊರಟಿಲ್ಲ. ಅದು ನಮ್ಮ ಮುಂದೆ ಇಟ್ಟ ಪ್ರಶ್ನೆ ಮಾತ್ರ ಸರಳವಾದದ್ದು: ನಮ್ಮನ್ನು ನಂಬಿ ಹತ್ತಿದವರ ಜೀವ ನಮ್ಮ ಕೈಯಲ್ಲಿ ಇರುವಾಗ, ಗಾಡಿ ಕೊಡುವ ಎಚ್ಚರಿಕೆಯನ್ನು ನಾವು ಕೇಳಿಸಿಕೊಳ್ಳುತ್ತಿದ್ದೇವೆಯೇ?

ಗಾಡಿ ಸಾಮಾನ್ಯವಾಗಿ ಹೇಳದೆ ಕೈಕೊಡುವುದಿಲ್ಲ. ಮೊದಲು ಸಪ್ಪಳ ಮಾಡುತ್ತದೆ. ನಾವೋ ಹಾಡಿನ ಧ್ವನಿ ಏರಿಸಿ ಅದನ್ನು ಮುಚ್ಚಿಬಿಡುತ್ತೇವೆ. "ಸುಗ್ಗಿ ಮುಗೀಲಿ, ಆಮೇಲೆ ನೋಡೋಣ" ಎನ್ನುತ್ತೇವೆ. ಇಲ್ಲವೇ ಯಾರೋ ಹೇಳಿದರೆಂದು ಒಂದೊಂದೇ ಸಾಮಾನು ಬದಲಿಸುತ್ತಾ ಹಣ ಸುರಿಯುತ್ತೇವೆ. ಎರಡೂ ತಪ್ಪು ದಾರಿ. ಸರಿಯಾದ ದಾರಿಗೆ ಮೂರು ಮೆಟ್ಟಿಲು: ಕೇಳುವುದು, ನೋಡುವುದು, ಕೈಯಿಟ್ಟು ಪರೀಕ್ಷಿಸುವುದು.

ಮೊದಲನೆಯದು ಕೇಳುವುದು. ಸಪ್ಪಳ ಎಂಥದ್ದು ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಮುಖ್ಯ. ವೇಗ ಏರಿದಂತೆ "ಗುಂಯ್" ಎಂದು ಏರುತ್ತಿದ್ದರೆ ಗಾಲಿಯ ಬೇರಿಂಗ್ ಮೇಲೆ ಸಂಶಯ. ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಗಾಲಿಗೆ ಬೀಳುತ್ತದೆ. ಆಗ ಸಪ್ಪಳ ಹೆಚ್ಚಿದರೆ ಬಲಗಡೆಯ ಬೇರಿಂಗನ್ನು ಮೊದಲು ನೋಡಬೇಕು. ಬಲಕ್ಕೆ ತಿರುಗುವಾಗ ಹೆಚ್ಚಿದರೆ ಎಡಗಡೆಯದನ್ನು. ಏರುಪೇರಾಗಿ ಸವೆದ ಟೈರೂ ಹೀಗೆಯೇ ಗುಂಯ್‌ಗುಡುತ್ತದೆ. ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿದಾಗ ಸಪ್ಪಳವೂ ಹಿಂದಕ್ಕೆ ಹೋದರೆ ತಪ್ಪು ಬೇರಿಂಗಿನದಲ್ಲ, ಟೈರಿನದು. ತಗ್ಗಿನಲ್ಲಿ ಇಳಿದಾಗ "ಟಕ್" ಎಂದರೆ ಪಾಟಾದ ಬುಷ್, ಶ್ಯಾಕಲ್, ಶಾಕ್ ಅಬ್ಸಾರ್ಬರಿನ ಬುಷ್ ಸವೆದಿರಬಹುದು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟಕ್ ಎಂದರೆ ಟೈ ರಾಡ್ ಎಂಡ್ ನೋಡಬೇಕು. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂದರೆ ಬ್ರೇಕ್ ಪ್ಯಾಡ್ ಮುಗಿದಿದೆ ಎಂದೇ ತಿಳಿಯಿರಿ. ಆಗ ಒಂದು ದಿನವೂ ಕಾಯಬಾರದು.

ಎರಡನೆಯದು ನೋಡುವುದು. ದೊಡ್ಡ ಖರ್ಚಿಗೆ ಹೋಗುವ ಮೊದಲು ಸಣ್ಣದ್ದನ್ನು ನೋಡೋಣ. ಗಾಲಿಯ ನಟ್ಟುಗಳು ಬಿಗಿಯಾಗಿವೆಯೇ? ಪಂಕ್ಚರ್ ತಿದ್ದಿ ಗಾಲಿ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ಮಾಡಿದ್ದೇವೆಯೇ? ಬ್ರೇಕ್ ಡಿಸ್ಕಿನ ತಗಡಿನ ಸಂದಿಯಲ್ಲಿ ಹರಳು ಸಿಕ್ಕಿದೆಯೇ? ಪಾಟಾದ ಎಲೆ ಸೀಳಿದೆಯೇ, ಯು-ಬೋಲ್ಟ್ ಸಡಿಲಾಗಿದೆಯೇ? ಜಾಯಿಂಟುಗಳ ರಬ್ಬರ್ ಹರಿದು ನಮ್ಮ ಎರೆಮಣ್ಣು ಒಳಗೆ ಸೇರಿದೆಯೇ? ಮಣ್ಣು ಹೊಕ್ಕು ಗ್ರೀಸ್ ಒಣಗಿದ ಜಾಯಿಂಟ್ ಬಹಳ ಬೇಗ ಸವೆಯುತ್ತದೆ.

ಮೂರನೆಯದು ಕೈಯಿಟ್ಟು ಪರೀಕ್ಷಿಸುವುದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಯಾರೂ ಗಾಡಿಯ ಕೆಳಗೆ ಹೋಗಕೂಡದು. ಗಾಲಿಯನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿ. ಆಡಿದರೆ ಬೇರಿಂಗ್, ಇಲ್ಲವೇ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್. ಇವುಗಳಲ್ಲಿ ಯಾವುದು? ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ತಪ್ಪು ಬೇರಿಂಗಿನದು. ಆಟ ಉಳಿದರೆ ಬಾಲ್ ಜಾಯಿಂಟು, ಕಿಂಗ್ ಪಿನ್ನಿನ ಕಡೆಗೆ ನೋಡಬೇಕು. ಎಡಬಲಕ್ಕೆ ಹಿಡಿದು ಅಲುಗಾಡಿಸಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್ ಮತ್ತು ಸ್ಟೇರಿಂಗ್ ಜೋಡಣೆ. ಕೊನೆಗೆ ಗಾಲಿಯನ್ನು ಕೈಯಿಂದ ತಿರುಗಿಸಿ. ಒಳಗೆ ಗರಗರ ಎಂದರೆ ಬೇರಿಂಗ್ ಹೋಗಿದೆ.

ಇದನ್ನೆಲ್ಲ ನಾವೇ ದುರಸ್ತಿ ಮಾಡಬೇಕೆಂದಲ್ಲ. "ಏನೋ ಸಪ್ಪಳ ಬರ್ತದ" ಎಂದು ಹೇಳುವುದಕ್ಕೂ, "ಎಡಕ್ಕೆ ತಿರುಗಿದಾಗ ಬಲಗಾಲಿ ಗುಂಯ್ ಅಂತದ, ಬ್ರೇಕ್ ಹಿಡಿದರ ಆಟ ನಿಲ್ತದ" ಎಂದು ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಮಾತು ಕೇಳಿದ ಮೇಸ್ತ್ರಿ ನೇರ ಅಲ್ಲಿಗೇ ಕೈಹಾಕುತ್ತಾನೆ. ನಮ್ಮ ಹಣವೂ ಉಳಿಯುತ್ತದೆ, ಅವನ ಹೊತ್ತೂ ಉಳಿಯುತ್ತದೆ.

ಬಾಡಿಗೆ ತಪ್ಪುತ್ತದೆ, ಕಂತು ಕಟ್ಟಬೇಕು ಎಂಬ ಚಿಂತೆ ನಮಗೆ ಅರ್ಥವಾಗುತ್ತದೆ. ಆದರೆ ಬುಷ್ಷಿನ ಸಪ್ಪಳಕ್ಕೂ ಬಾಲ್ ಜಾಯಿಂಟಿನ ಆಟಕ್ಕೂ ಅಂತರವಿದೆ. ಬುಷ್ ಕೆಲವು ದಿನ ಕಾದೀತು. ಬಾಲ್ ಜಾಯಿಂಟ್ ಕಳಚಿದರೆ ಗಾಲಿ ಮಲಗಿಬಿಡುತ್ತದೆ, ಟೈ ರಾಡ್ ಎಂಡ್ ಕಳಚಿದರೆ ಸ್ಟೇರಿಂಗ್ ನಮ್ಮ ಮಾತು ಕೇಳುವುದಿಲ್ಲ. ಇವು ಆಡುತ್ತಿವೆ ಎಂದು ಗೊತ್ತಾದ ಗಾಡಿ ದುರಸ್ತಿಯಾಗುವವರೆಗೆ ಅಂಗಳ ಬಿಟ್ಟು ಹೊರಡಬಾರದು. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಪಡೆಯುವ ಫಿಟ್‌ನೆಸ್ ಪತ್ರ ಆ ದಿನದ ಸಾಕ್ಷಿ ಮಾತ್ರ. ನಿನ್ನೆ ಬಿದ್ದ ತಗ್ಗಿನ ಲೆಕ್ಕ ಅದರಲ್ಲಿ ಇರುವುದಿಲ್ಲ.

ಇನ್ನೊಂದು ಮಾತು. ಮುಂದಿನ ಗಾಲಿ ಎಷ್ಟೇ ಗಟ್ಟಿಯಿರಲಿ, ಸರಕಿನ ಗಾಡಿಯ ಹಿಂಬದಿ ಜನ ಕೂಡುವ ಜಾಗವಲ್ಲ. ಅಲ್ಲಿ ಆಸನವಿಲ್ಲ, ಬೆಲ್ಟಿಲ್ಲ. ಕಾನೂನೂ ಒಪ್ಪುವುದಿಲ್ಲ. ಕೂಲಿಗೆ ಹೋಗುವ ಅಕ್ಕತಂಗಿಯರನ್ನು, ಜಾತ್ರೆಗೆ ಹೊರಟ ನೆರೆಹೊರೆಯವರನ್ನು ಹತ್ತಿಸಿಕೊಳ್ಳುವ ಮೊದಲು ಚುಂಚನೂರಿನ ಆಲದ ಮರ ನೆನಪಾಗಲಿ.

ಪ್ರಿಯರೇ, ಇಂದು ತೀರ್ಥ ಪ್ರೋಕ್ಷಣೆಯಾದ ಗಾಡಿಯನ್ನು ಮನೆಗೆ ಒಯ್ಯುವಾಗ ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಒಂದೆರಡು ಕಿಲೋಮೀಟರ್ ಕಿವಿಗೊಟ್ಟು ಓಡಿಸೋಣ. ಸಪ್ಪಳ ಕೇಳಿಸಿದರೆ ನಾಳೆಯೇ ಗಾಲಿ ಎತ್ತೋಣ. ಹೊರಟವರೆಲ್ಲರೂ ಸುರಕ್ಷಿತವಾಗಿ ಮನೆ ಸೇರುವಂತೆ ದೇವರು ನಮ್ಮೆಲ್ಲರನ್ನೂ ಹರಸಲಿ.